ಜಯಕುಮಾರ್ ಕುಡಿಯುತ್ತಿರಲಿಲ್ಲ

ಪ್ರತಿ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಉಷಾರಾಣಿ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಚಿತ್ರದುರ್ಗದ ಬಸ್ಸು ಹತ್ತುತ್ತಾಳೆ. ಎಂಟು ವರ್ಷದಿಂದ ಹತ್ತುತ್ತಿದ್ದಾಳೆ. ನಮ್ಮ ಚರ್ಚಿನ ಜನಕ್ಕೆ ಬೇರೆಯವರ ಪ್ರಯಾಣದ ಮೇಲೆ ಬಹಳ ಅಕ್ಕರೆ. ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

"ಇಷ್ಟು ವರ್ಷದಿಂದ ಆ ಸಿಸ್ಟರ್ ಹತ್ರ ಹೋಗ್ತಿದೀಯಲ್ಲವ್ವ, ಇನ್ನೂ ಸರಿಹೋಗಿಲ್ವ?"

"ನೀವು ಹುಟ್ಟಿದಾಗಿಂದ ಉಣ್ತಿದೀರಲ್ಲ, ಇನ್ನೂ ಹಸಿವು ಹೋಗಿಲ್ವ?" ಅನ್ನುತ್ತಾಳೆ ಉಷಾರಾಣಿ. ಮುಂದಿನ ತಿಂಗಳು ಬೇರೆಯವರು ಕೇಳುತ್ತಾರೆ.

ನಾನು ಅದೇ ಚರ್ಚಿನಲ್ಲಿ ಹಾರ್ಮೋನಿಯಂ ಬಾರಿಸುವವನು. ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದು ರಿಟೈರಾದವನು. ಉಷಾರಾಣಿಯನ್ನು ಸಂತಳನ್ನಾಗಿ ಮಾಡಲು ಇದನ್ನು ಬರೆಯುತ್ತಿಲ್ಲ. ಅವಳ ಬಾಯಿ ಜೋರು, ನನ್ನದೂ ಅಷ್ಟೇ, ಅದಕ್ಕೇ ನಮಗಿಬ್ಬರಿಗೂ ಸರಿಹೋಗುತ್ತದೆ. ಆದರೆ ಕಳೆದ ವರ್ಷ ಹೊಳಲ್ಕೆರೆಯ ಪ್ರಾರ್ಥನಾ ಕನ್ವೆನ್ಷನ್ನಿನಲ್ಲಿ ನಡೆದದ್ದರ ಬಗ್ಗೆ ಹತ್ತು ಥರದ ಕಥೆ ಓಡಾಡುತ್ತಿವೆ. ಎಲ್ಲದರಲ್ಲೂ ತಪ್ಪು ಆ ಸಿಸ್ಟರದು, ಹುಚ್ಚು ಉಷಾರಾಣಿಯದು. ಆವತ್ತು ವೇದಿಕೆಯ ಮೇಲೆ ಅವಳ ಪಕ್ಕದಲ್ಲೇ ಕೂತಿದ್ದವನು ನಾನು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಬೇಕಾದವರು ಕೇಳಲಿ.

ಉಷಾರಾಣಿ ಬಬ್ಬೂರು ಫಾರ್ಮಿನಲ್ಲಿ ಹೆಣ್ಣಾಳುಗಳ ಗುಂಪಿಗೆ ಮೇಸ್ತ್ರಿ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಕಳೆ ಕೀಳುತ್ತಿರುವವಳು ಬೆನ್ನು ನೆಟ್ಟಗೆ ಮಾಡಬೇಕು, ಅಂಥ ಗಂಟಲು. ಅವಳ ಗಂಡ ಜಯಕುಮಾರ್ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮೆತ್ತಗಿನ ಮನುಷ್ಯ. ಟೀ ಒಂದು ಸಿಕ್ಕರೆ ಊಟ ಮರೆಯುವವನು. ಮದುವೆಗೆ ಮುಂಚೆ ತಾನಾಗಿಯೇ ಬಂದು ದೀಕ್ಷಾಸ್ನಾನ ಪಡೆದಿದ್ದ. ಅವನ ತಾಯಿ ದುರುಗಕ್ಕ ಮಾತ್ರ ತನ್ನ ಅಮ್ಮನವರ ಪಟವನ್ನು ಅಡುಗೆಮನೆಯ ಗೂಡಿನಲ್ಲೇ ಇಟ್ಟುಕೊಂಡು ಉಳಿದಳು. ನಡುಮನೆಯಲ್ಲಿ ಸೊಸೆಯ ಶಿಲುಬೆ, ಅಡುಗೆಮನೆಯಲ್ಲಿ ಅತ್ತೆಯ ಅಮ್ಮನವರು. ದೇವರ ವಿಷಯಕ್ಕೆ ಆ ಮನೆಯಲ್ಲಿ ಜಗಳವಾದದ್ದನ್ನು ನಾನು ಕೇಳಿಲ್ಲ. ಉಳಿದ ಎಲ್ಲ ವಿಷಯಕ್ಕೂ ಆಗುತ್ತಿತ್ತು.

ಮಕ್ಕಳಾಗಲಿಲ್ಲ. ಎಂಟು ವರ್ಷದ ಹಿಂದೆ ಜಯಕುಮಾರನಿಗೆ ಕಾಮಾಲೆ ಬಂತು. ಹಳ್ಳಿ ಔಷಧಿ, ಆಮೇಲೆ ಆಸ್ಪತ್ರೆ, ಕೊನೆಗೆ ಲಿವರ್ ಪೂರ್ತಿ ಹೋಗಿದೆ ಎಂದರು. ಮಣ್ಣು ಮಾಡಿ ಬಂದ ಮೇಲೆ ಉಷಾರಾಣಿ ಭಾನುವಾರದ ಪೂಜೆಗೆ ಬರುತ್ತಿದ್ದಳು, ಆದರೆ ಪ್ರಾರ್ಥನೆಯ ಹೊತ್ತಿಗೆ ತುಟಿ ಬಿಗಿದು ನಿಲ್ಲುತ್ತಿದ್ದಳು. ಆಗಿದ್ದ ವಯಸ್ಸಾದ ಫಾದರ್ ಅದನ್ನು ಗಮನಿಸಿದರು. "ಇದು ನನ್ನ ಒಂದು ಪ್ರಸಂಗಕ್ಕೆ ಮುಗಿಯೋ ಸಂಗತಿಯಲ್ಲಮ್ಮ, ದುರ್ಗದಲ್ಲಿ ಸಿಸ್ಟರ್ ಹಿಲ್ಡಾ ಅಂತ ಇದ್ದಾರೆ, ಹೋಗಿ ಕೂತು ಬಾ" ಎಂದು ಕಳಿಸಿದರು.

ಸಿಸ್ಟರ್ ಹಿಲ್ಡಾ ಮಂಗಳೂರು ಕಡೆಯವರು. ಎಪ್ಪತ್ತು ದಾಟಿದ, ಸಣಕಲು ಮುದುಕಿ. ಕೋಟೆಗೆ ಹೋಗುವ ದಾರಿಯ ಒಂದು ಓಣಿಯಲ್ಲಿ ಚಿಕ್ಕ ಕಾನ್ವೆಂಟು, ಅದರಲ್ಲಿ ಒಂದು ಕೋಣೆ, ಎರಡು ಕುರ್ಚಿ.

"ದೇವರ ಜೊತೆ ಮಾತು ಬಿಟ್ಟಿದೀನಿ ಸಿಸ್ಟರ್," ಎಂದಳು ಉಷಾರಾಣಿ ಮೊದಲ ದಿನ.

"ಬಿಟ್ಟದ್ದನ್ನು ಅವನಿಗೆ ಹೇಳಿದ್ದೀಯಾ?"

"ಮಾತೇ ಬಿಟ್ಟ ಮೇಲೆ ಹೇಳೋದು ಹೆಂಗೆ?"

"ನಿನಗೆ ಬೈಯಲಿಕ್ಕೆ ಬರುತ್ತದಲ್ಲ? ಬೈದು ಹೇಳು. ಏನಾಯಿತು ಅಂತ ಮುಂದಿನ ತಿಂಗಳು ಬಂದು ನನಗೆ ಹೇಳು."

ಉಷಾರಾಣಿ ಆ ತಿಂಗಳೆಲ್ಲ ದಾಳಿಂಬೆ ಸಾಲುಗಳ ನಡುವೆ ದೇವರನ್ನು ಬೈದಳು. ಹೇಗೆ ಬೈದಳೆಂದು ಇಲ್ಲಿ ಬರೆಯಲಾಗುವುದಿಲ್ಲ. ತಿಂಗಳು ಕಳೆದು ಹೋಗಿ ಹೇಳಿದಳು. ಹಾಗೆ ಶುರುವಾದದ್ದು. ಇದಕ್ಕೆ ಆತ್ಮಿಕ ಮಾರ್ಗದರ್ಶನ ಎಂದು ಪುಸ್ತಕದ ಹೆಸರಿದೆ. ಉಷಾರಾಣಿ "ಸಿಸ್ಟರ್ ಹತ್ರ ಕೂತು ಬರ್ತೀನಿ" ಅನ್ನುತ್ತಾಳೆ. ಇದು ಪಾಪನಿವೇದನೆಯಲ್ಲ, ಅದಕ್ಕೆ ಫಾದರ್ ಇದ್ದಾರೆ. ತಿಂಗಳಿಡೀ ದೇವರಿಗೂ ತನಗೂ ನಡುವೆ ಏನು ನಡೆಯಿತು, ಏನು ನಡೆಯಲಿಲ್ಲ ಎಂದು ಒಬ್ಬರ ಮುಂದೆ ಬಿಚ್ಚಿ ಹೇಳುವುದು. ಅವರು ಕೇಳಿಸಿಕೊಂಡು ಎಲ್ಲೋ ಒಂದು ಪ್ರಶ್ನೆ ಹಾಕುತ್ತಾರೆ, ಅಷ್ಟೆ.

ಅಷ್ಟೆ ಎಂದರೆ ನಮ್ಮ ಕಡೆ ಯಾರು ನಂಬುತ್ತಾರೆ? ಇಲ್ಲಿ ತಿಂಗಳು ತಿಂಗಳು ಒಬ್ಬರ ಹತ್ತಿರ ಹೋಗುವುದೆಂದರೆ ಅಪ್ಪಣೆ ಕೇಳಲು ಎಂದೇ ಅರ್ಥ. ಬೋರು ಎಲ್ಲಿ ಹಾಕಿಸಬೇಕು, ಮಗಳನ್ನು ಯಾವ ದಿಕ್ಕಿಗೆ ಕೊಡಬೇಕು, ಹೂವು ಬಲಕ್ಕೆ ಬಿದ್ದರೆ ಸರಿ, ಎಡಕ್ಕೆ ಬಿದ್ದರೆ ಬೇಡ. ಚರ್ಚಿಗೆ ಬಂದು ಮೂರು ತಲೆಮಾರಾದರೂ ನಮ್ಮವರಿಗೆ ಆ ಚಟ ಬಿಟ್ಟಿಲ್ಲ. ಹೂವಿನ ಬದಲು ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಡುತ್ತಾರೆ. ಫಾರ್ಮಿನ ನಾಗಕ್ಕ ಒಂದು ಸಲ ಉಷಾರಾಣಿಯ ಕೈಯಲ್ಲಿ ನಿಂಬೆಹಣ್ಣು ಕೊಟ್ಟು, ಕಳೆದುಹೋದ ತನ್ನ ಮೂಗುಬೊಟ್ಟು ಯಾರ ಮನೆಯಲ್ಲಿದೆ ಎಂದು ಆ ಅಮ್ಮನನ್ನು ಕೇಳಿಕೊಂಡು ಬಾ ಎಂದಿದ್ದಳು. ಸಿಸ್ಟರ್ ಹಣ್ಣು ತೆಗೆದುಕೊಂಡು, ಶರಬತ್ತು ಮಾಡಿ, ಉಷಾರಾಣಿಗೊಂದು ಲೋಟ ಕೊಟ್ಟು ತಾವೊಂದು ಕುಡಿದರಂತೆ. ಮೂಗುಬೊಟ್ಟು ಸಿಗಲಿಲ್ಲ.

ಆ ಕೋಣೆಯಲ್ಲಿ ಮೊದಲ ಅರ್ಧ ಗಂಟೆ ಯಾವಾಗಲೂ ದುರುಗಕ್ಕನ ಪಾಲು. ಅತ್ತೆ ಹಾಗೆ ಅಂದಳು, ಹೀಗೆ ಮಾಡಿದಳು, ಬೇಕಂತಲೇ ಕೆಮ್ಮಿದಳು. ಸಿಸ್ಟರ್ ಎಲ್ಲ ಕೇಳಿಸಿಕೊಂಡು "ಮತ್ತೆ?" ಅನ್ನುತ್ತಿದ್ದರು. ವರ್ಷಗಟ್ಟಲೆ ಹೀಗೆ ಬೈದೂ ಬೈದೂ ಒಂದು ದಿನ ಉಷಾರಾಣಿಗೆ ತಾನಾಗಿಯೇ ಹೊಳೆಯಿತಂತೆ: ಜಯಕುಮಾರ್ ಇಲ್ಲದ ಮನೆಯಲ್ಲಿ ಅವನನ್ನು ನೆನೆಸಿಕೊಳ್ಳುವವರು ಇಬ್ಬರೇ ಇದ್ದೇವೆ, ಅದಕ್ಕೇ ಒಬ್ಬರನ್ನೊಬ್ಬರು ಕಂಡರೆ ತಡೆಯಲಾಗುತ್ತಿಲ್ಲ. ಇದನ್ನು ನನಗೆ ಹೇಳುವಾಗ ಅತ್ತಳು. ಬೈಯುವುದನ್ನೇನೂ ನಿಲ್ಲಿಸಲಿಲ್ಲ.

ಎರಡು ವರ್ಷದ ಹಿಂದೆ ಬ್ರದರ್ ಮೋಹನ್‌ಕುಮಾರ್ ಬಂದರು. ಹೊಸದುರ್ಗದಲ್ಲಿ ಗೊಬ್ಬರದ ಅಂಗಡಿ, ಅದರ ಜೊತೆಗೆ ಎಲ್ಲ ಚರ್ಚಿನವರೂ ಸೇರುವ ಒಂದು ಪ್ರಾರ್ಥನಾ ಬಳಗ. ಅವರ ಕೀಬೋರ್ಡಿನ ಹುಡುಗ ಕೈಕೊಟ್ಟಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಎಷ್ಟೋ ಗಂಡಸರ ಕುಡಿತ ಬಿಡಿಸಿದ್ದಾರೆ, ಹೊಡೆದಾಡಿ ಬೇರೆಯಾದ ಅಣ್ಣತಮ್ಮಂದಿರನ್ನು ಒಂದೇ ಚಾಪೆಯ ಮೇಲೆ ಕೂರಿಸಿದ್ದಾರೆ. ಅವರ ಕನ್ವೆನ್ಷನ್ನುಗಳಲ್ಲಿ ಜನ ಕಾಯುವುದು ಪ್ರಸಂಗಕ್ಕಲ್ಲ, ಸಾಕ್ಷಿಗೆ. ಸಾಕ್ಷಿ ಎಂದರೆ ಒಬ್ಬೊಬ್ಬರೇ ಎದ್ದು ನಿಂತು ತಮ್ಮ ಬಾಳಿನಲ್ಲಿ ದೇವರು ಏನು ಮಾಡಿದ ಎಂದು ಮೈಕಿನಲ್ಲಿ ಹೇಳುವುದು. ಉಷಾರಾಣಿಯ ಗಂಟಲು ಅವರ ಕಿವಿಗೆ ಬಿತ್ತು. ಬಿಡುತ್ತಾರೆಯೇ?

ಹೊಸದುರ್ಗದಲ್ಲಿ ಅವಳು ಮೊದಲ ಸಲ ನಿಂತಾಗ ಹೇಳಿದ್ದು ನಿಜವನ್ನೇ. ಗಂಡನಿಗೆ ಕಾಮಾಲೆಯಾಯಿತು, ಲಿವರ್ ಹೋಯಿತು, ನಾನು ದೇವರನ್ನು ಬೈದೆ ಎಂದಳು. ಲಿವರ್ ಎಂದ ಕೂಡಲೇ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಗೋಳೋ ಎಂದು ಅತ್ತಳು. ಅವಳ ಗಂಡ ಕುಡುಕ. ಮೋಹನ್‌ಕುಮಾರ್ ಮೈಕು ಇಸಿದುಕೊಂಡು, ಕುಡಿತ ಎಷ್ಟು ಮನೆ ತಿಂದಿದೆ ನೋಡಿ ಎಂದು ಅಲ್ಲಿಂದಲೇ ಎತ್ತಿಕೊಂಡರು. ಕುಡಿತ ಎಂದು ಉಷಾರಾಣಿ ಹೇಳಿರಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಆ ಮಧ್ಯಾಹ್ನ ಗಂಡಸರು ಸಾಲುಗಟ್ಟಿ ಬಂದು ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದರು.

"ಇದು ದೇವರೇ ಮಾಡಿಸಿದ್ದು ಸಿಸ್ಟರ್ ಉಷಾ, ನೀವು ತಿದ್ದೋಕೆ ಹೋಗಬೇಡ್ರಿ," ಎಂದರು ಮೋಹನ್‌ಕುಮಾರ್ ಜೀಪಿನಲ್ಲಿ.

ಭೀಮಸಮುದ್ರದಲ್ಲಿ ಅವಳ ಬಾಯಿಂದಲೇ ಬಂತು, ಗಂಡ ಕುಡಿಯುತ್ತಿದ್ದ ಎಂದು. ಮುಂದಿನ ಊರಿನಲ್ಲಿ ಹೊಡೆಯುತ್ತಿದ್ದ. ಅದರ ಮುಂದಿನ ಊರಿನಲ್ಲಿ ತಾಳಿ ಮಾರಿ ಕುಡಿದಿದ್ದ. ಒಂದೊಂದು ಊರಿಗೂ ಜಯಕುಮಾರ್ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಿದ್ದ, ಜನ ಇನ್ನಷ್ಟು ಅಳುತ್ತಿದ್ದರು. ನನಗೆ ಮೈ ಉರಿಯಿತು. ಜಯಕುಮಾರ್ ನಮ್ಮ ಮನೆಗೆ ಬಂದರೆ ನನ್ನ ಹೆಂಡತಿ ಟೀಗೆ ಎರಡು ಸಲ ನೀರಿಡುತ್ತಿದ್ದಳು, ಅಂಥವನನ್ನು ಇವಳು ಸಾರಾಯಿಯಲ್ಲಿ ಮುಳುಗಿಸುತ್ತಿದ್ದಾಳಲ್ಲ ಎಂದು. ಕೆಳಗಿಳಿದ ಕೂಡಲೇ ಹಿಡಿದು ಕೇಳಿದೆ.

"ಏನವ್ವ ಇದು, ಸತ್ತವನ ಮೇಲೆ ಇಷ್ಟೊಂದು ಸುಳ್ಳು?"

"ಮೇಷ್ಟ್ರೆ, ನಿಮ್ಮ ಪೆಟ್ಟಿಗೆ ನೀವು ನೋಡ್ಕಳ್ರಿ. ನಂದು ನಂಗೆ ಗೊತ್ತೈತೆ."

ನಾನು ಹೇಳಿದ್ದು ನಿಜ, ಅದರಿಂದ ಪ್ರಯೋಜನ ಮಾತ್ರ ಏನೂ ಆಗಲಿಲ್ಲ. ಹುಟ್ಟಿದಾಗಿನಿಂದ ಅವಳ ಮಾತನ್ನು ಕೂತು ಕೇಳಿದವರು ಯಾರು? ಹೆಣ್ಣಾಳುಗಳು ಕೇಳುತ್ತಿದ್ದರು, ಅದೂ ಹೆದರಿಕೊಂಡು. ಈಗ ಸಾವಿರ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅದರ ರುಚಿ ಹತ್ತಿದವರಿಗೆ ಹಾರ್ಮೋನಿಯಂ ಮೇಷ್ಟ್ರ ಮಾತು ಎಲ್ಲಿ ನಾಟುತ್ತದೆ?

ಆಮೇಲೆ ಮೋಹನ್‌ಕುಮಾರ್ ಎರಡು ಮಾತು ತಂದರು. ಒಂದು, ದೇವರು ನಿಮ್ಮನ್ನು ಪೂರ್ಣ ಸೇವೆಗೆ ಕರೆಯುತ್ತಿದ್ದಾನೆ, ಫಾರ್ಮಿನ ಕೆಲಸ ಬಿಟ್ಟು ನಮ್ಮ ಜೊತೆ ಊರೂರಿಗೆ ಬನ್ನಿ, ಇದು ದೇವರ ಚಿತ್ತ. ಎರಡು, ಹೊಳಲ್ಕೆರೆಯ ಕನ್ವೆನ್ಷನ್ ದೊಡ್ಡದು, ಅಲ್ಲಿ ನಿಮ್ಮ ಅತ್ತೆಯ ವಿಷಯವನ್ನೂ ಸೇರಿಸಿ. "ಮನೇಲಿ ಇನ್ನೂ ಅಮ್ಮನವರ ಪಟ ಇಟ್ಟವರೆ ಅಂದ್ರಲ್ಲ, ಮಾಟಗೀಟ ಮಾಡಿಸಿರ್ತಾರೆ ಬಿಡ್ರಿ. ಅದನ್ನೂ ಹೇಳಿದ್ರೆ ಜನಕ್ಕೆ ತಟ್ಟುತ್ತೆ."

ಮೊದಲನೆಯ ಮಾತಿಗೆ ಉಷಾರಾಣಿ ನೆಲದ ಮೇಲಿರಲಿಲ್ಲ. ಎರಡನೆಯದು ಎಲ್ಲೋ ಚುಚ್ಚಿತಂತೆ, ಆದರೆ ಅದನ್ನು ಪಕ್ಕಕ್ಕೆ ತಳ್ಳಿ, ಎರಡನೇ ಶನಿವಾರ ಹೊಸ ಸೀರೆ ಉಟ್ಟು ಸಿಸ್ಟರ್ ಹಿಲ್ಡಾ ಹತ್ತಿರ ಹೋದಳು. ಅವರ ಆಶೀರ್ವಾದ ಒಂದು ಬೇಕಿತ್ತು. ವೇದಿಕೆ, ಜನ, ಕರೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಸಿಸ್ಟರ್ ಎಲ್ಲ ಕೇಳಿದರು.

"ನಿನ್ನ ಅತ್ತೆ ಹೇಗಿದ್ದಾಳೆ?"

"ಅವಳಿಗೇನಾಗೈತೆ? ಚೆನ್ನಾಗವಳೆ."

"ಅಲ್ಲ, ನೀನು ಅವಳನ್ನು ಬೈಯದೆ ಆರು ತಿಂಗಳಾಯಿತು. ಮುಂಚೆಲ್ಲ ಬಂದು ಕೂತ ಕೂಡಲೇ ಅವಳದ್ದೇ. ಯಾಕೆ ನಿಂತಿತು?"

"ಒಳ್ಳೇದಲ್ವ ಸಿಸ್ಟರ್? ನಾನು ಬದಲಾಗಿದೀನಿ."

"ಇರಬಹುದು. ಬದಲಾಗಿದ್ದರೆ ಅವಳ ಬಗ್ಗೆ ಒಂದು ಒಳ್ಳೆಯ ಮಾತಾದರೂ ಬರಬೇಕಿತ್ತು. ಬೈಗುಳವೂ ಇಲ್ಲ, ಒಳ್ಳೆಯ ಮಾತೂ ಇಲ್ಲ. ಜಯಕುಮಾರನ ಟೀಯ ಕಥೆ ಕೂಡ ಇಲ್ಲ. ನನಗೆ ಅರ್ಥ ಆಗಲಿಲ್ಲ ಮಾರಾಯ್ತಿ, ಅದಕ್ಕೆ ಕೇಳಿದ್ದು."

ಉಷಾರಾಣಿಗೆ ಎಲ್ಲಿತ್ತೋ ಸಿಟ್ಟು. "ನಿಮಗೆ ಹೊಟ್ಟೆಕಿಚ್ಚು ಸಿಸ್ಟರ್. ಸಾವಿರ ಜನ ನನ್ನ ಮಾತು ಕೇಳ್ತಾರೆ. ನಿಮ್ಮ ಹತ್ರ ಯಾರು ಬರ್ತಾರೆ, ನನ್ನ ಬಿಟ್ರೆ?"

ಸಿಸ್ಟರ್ ಸ್ವಲ್ಪ ಯೋಚಿಸಿದರಂತೆ. "ಹೊಟ್ಟೆಕಿಚ್ಚು ಇದ್ದರೂ ಇರಬಹುದು. ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ನನ್ನ ಪ್ರಶ್ನೆ ನೋಡಿಕೋ."

ಟೀ ಕುಡಿಯದೆ ಎದ್ದು ಬಂದಳು. ಇನ್ನು ಈ ಜನ್ಮದಲ್ಲಿ ಆ ಕಡೆ ತಲೆಹಾಕುವುದಿಲ್ಲ ಎಂದು ಬಸ್ಸಿನಲ್ಲೇ ತೀರ್ಮಾನಿಸಿದಳು. ಮರುದಿನ ಚರ್ಚಿನ ಹೊರಗೆ ನನ್ನನ್ನು ನಿಲ್ಲಿಸಿಕೊಂಡು ಆ ಮುದುಕಿಯ ಮೇಲೆ ದೂರು ಹೇಳಿದಳು. ಅತ್ತೆಯನ್ನು ಬೈಯಲಿಲ್ಲವೆಂದು ಯಾರಾದರೂ ತಪ್ಪು ಹಿಡಿಯುತ್ತಾರೆಯೇ ಎಂದಳು. ನನಗೆ ನಗು ಬಂತು, ನಗಲಿಲ್ಲ. ನೋಡಿ, ನಾನು ಸುಳ್ಳು ಎಂದು ಮುಖಕ್ಕೆ ಹೇಳಿದ್ದೆ, ಅವಳು ನನ್ನನ್ನು ಕೊಡವಿಹಾಕಿದ್ದಳು. ಸಿಸ್ಟರಿಗೆ ಸುಳ್ಳಿನ ವಿಷಯವೇ ಗೊತ್ತಿರಲಿಲ್ಲ. ಏಳು ವರ್ಷ ಇವಳ ಮಾತು ಕೇಳಿದ ಕಿವಿಗೆ ಇವಳು ಏನು ಹೇಳುತ್ತಿಲ್ಲ ಎಂಬುದು ಕೇಳಿಸಿತು. ಒಂದು ದಿನ ಬಂದು ಪ್ರಸಂಗ ಮಾಡಿ ಹೋಗುವವರಿಗೆ ಅದು ಹೇಗೆ ಕೇಳಿಸಬೇಕು?

ಪ್ರಶ್ನೆ ಅವಳನ್ನು ಬಿಡಲಿಲ್ಲ. ಕೊನೆಗೆ, ಇದೇನು ಮಹಾ, ಈಗಲೇ ಬೈದು ತೋರಿಸುತ್ತೇನೆ ಎಂದು ಒಂದು ಸಂಜೆ ಫಾರ್ಮಿನಿಂದ ಬಂದವಳೇ ಅಡುಗೆಮನೆಗೆ ನುಗ್ಗಿದಳು. ಬಾಯಿ ತೆರೆದಳು. ದುರುಗಕ್ಕ ಹಿತ್ತಲ ಬಾಗಿಲ ಹತ್ತಿರ ಕೂತು ಮೂರು ಕಲ್ಲಿಟ್ಟುಕೊಂಡು ಒಂದು ಪುಟ್ಟ ಪಾತ್ರೆಯಲ್ಲಿ ತನಗೊಬ್ಬಳಿಗೆ ಮುದ್ದೆ ತೊಳಸುತ್ತಿದ್ದಳು. ಕಲ್ಲುಗಳು ಮಸಿ ಹಿಡಿದಿದ್ದವು. ಇವತ್ತಿನ ಒಲೆಯಲ್ಲ ಅದು.

"ಯಾಕತ್ತೆ, ಇದ್ಯಾಕೆ ಬ್ಯಾರೆ ಒಲೆ?"

"ನನ್ನ ಮಗನ್ನ ಕುಡುಕ ಮಾಡಿದೋಳ ಕೈಯಾಗೆ ನಾನು ಉಣ್ಣಲ್ಲ," ಎಂದಳು ದುರುಗಕ್ಕ, ತಲೆ ಎತ್ತದೆ. "ಪಕ್ಕದ ಮನೆ ಗೊಲ್ಲಪ್ಪ ಫೋನ್ನಾಗೆ ತೋರಿಸ್ದ. ನಿನ್ನ ಬಾಯಾಗೇ ಕೇಳ್ದೆ. ಯಾವತ್ತು ಹೊಡೆದ್ನೇ ನಿಂಗೆ? ಕಷಾಯ ಕೊಟ್ರೆ ಮಕ ಕಿವುಚ್ತಿದ್ದ ಹುಡುಗ ಅವನು. ಅವನು ಸಾರಾಯಿ ಕುಡಿದ್ನಾ?"

"ನನ್ನ ಯಾಕೆ ಕೇಳ್ಲಿಲ್ಲ ನೀನು?"

"ಸಾವಿರ ಜನದ ಮುಂದೆ ಅಂದೋಳ್ನ ನಾನೊಬ್ಬಳು ಏನಂತ ಕೇಳ್ಲಿ?"

ಒಂದೇ ಸೂರಿನ ಕೆಳಗೆ ತಿಂಗಳುಗಟ್ಟಲೆ ಇನ್ನೊಂದು ಒಲೆ ಉರಿದಿತ್ತು, ಇವಳಿಗೆ ಹೊಗೆ ಕೂಡ ತಾಕಿರಲಿಲ್ಲ. ಆ ನಾಚಿಕೆಯನ್ನು ಉಷಾರಾಣಿ ನನಗೆ ಹೇಳಿದಳು, ನಾನು ವಿವರಿಸಲಾರೆ. ಮರುದಿನ ರಜಾ ಹಾಕಿ ದುರ್ಗಕ್ಕೆ ಹೋದಳು. ಇನ್ನೂ ಎರಡನೇ ಶನಿವಾರ ಬಂದಿರಲಿಲ್ಲ. ಸಿಸ್ಟರ್ ಬಾಗಿಲು ತೆಗೆದು, "ಬಾ, ಕೂತುಕೋ" ಎಂದರು, ಬೇರೇನೂ ಕೇಳಲಿಲ್ಲ. ಇವಳು ಎಲ್ಲ ಹೇಳಿದಳು.

"ಈಗ ನಾನು ಏನು ಮಾಡ್ಲಿ ಹೇಳ್ರಿ."

"ಅದು ನಾನು ಹೇಳುವುದಲ್ಲ."

"ಹಂಗಾದ್ರೆ ನೀವು ಇರೋದ್ಯಾಕೆ?"

"ನೀನು ಒಬ್ಬಳೇ ದೇವರ ಮುಂದೆ ಕೂತರೆ ಅರ್ಧಕ್ಕೆ ಎದ್ದು ಓಡುತ್ತೀ. ಎಲ್ಲರೂ ಓಡುತ್ತಾರೆ, ನಾನೂ ಓಡುತ್ತೇನೆ, ಅದಕ್ಕೆ ನಾನೂ ಇನ್ನೊಬ್ಬರ ಹತ್ತಿರ ಹೋಗುವುದು. ನೀನು ಓಡದ ಹಾಗೆ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಬಾ, ಕೂರುವ."

ಇಬ್ಬರೂ ಪ್ರಾರ್ಥನೆಯ ಕೋಣೆಯಲ್ಲಿ ಮಧ್ಯಾಹ್ನದವರೆಗೆ ಕೂತರು. ಎದ್ದು ಬಂದಾಗ ಉಷಾರಾಣಿ ತಾನೇ ತೀರ್ಮಾನ ಮಾಡಿಕೊಂಡಿದ್ದಳು. ಅಲ್ಲಿಂದ ಸೀದಾ ಹೊಸದುರ್ಗದ ಬಸ್ಸು ಹತ್ತಿ ಗೊಬ್ಬರದ ಅಂಗಡಿಗೆ ಹೋದಳು. ಕೆಲಸ ಬಿಡುವುದಿಲ್ಲ, ಹೇಳಿದ್ದೆಲ್ಲ ಸುಳ್ಳೆಂದು ಹೊಳಲ್ಕೆರೆಯಲ್ಲಿ ಹೇಳುತ್ತೇನೆ ಎಂದಳು. ಮೋಹನ್‌ಕುಮಾರ್ ಬೈಯಲಿಲ್ಲ. ಕುಂತ್ಕಳ್ರಿ ಎಂದು ನೀರು ಕೊಟ್ಟರು.

"ಇನ್ಮೇಲೆ ಹೇಳಬೇಡ್ರಿ, ಅಷ್ಟೇ ಸಾಕು. ಹೇಳಿದ್ದನ್ನ ಯಾಕೆ ಕೆದಕ್ತೀರ? ನಿಮ್ಮ ಸಾಕ್ಷಿ ಕೇಳಿ ಕುಡಿತ ಬಿಟ್ಟವರು ಅದಾರೆ. ಅವರ ಗತಿ ಏನು? ದೇವರಿಗೆ ಸಮಾಧಾನ ಆಗೋ ಹಂಗೆ ಮನೇಲಿ ಕ್ಷಮೆ ಕೇಳ್ಕಳ್ರಿ."

"ಮೈಕಿನಾಗೆ ನನ್ನ ಗಂಡನ ಮಾನ ಕಳ್ದು, ಅಡುಗೆಮನೇಲಿ ಕ್ಷಮೆ ಕೇಳ್ಲಾ ಬ್ರದರ್? ಯಾವ ನ್ಯಾಯ ಅದು?"

ಅವರು ಅವಳ ಹೆಸರನ್ನು ಕಾರ್ಯಕ್ರಮದಿಂದ ತೆಗೆದುಹಾಕಿದರು.

ಹೊಳಲ್ಕೆರೆಯ ಮೈದಾನದಲ್ಲಿ ಆ ಮಧ್ಯಾಹ್ನ ಶಾಮಿಯಾನದ ಹೊರಗೂ ಜನ ನಿಂತಿದ್ದರು. ನಾನು ಒಂದು ಹಾಡು ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದೆ. ಉಷಾರಾಣಿ ಫಾರ್ಮಿಗೆ ಹೋಗುವ ಸೀರೆಯಲ್ಲೇ ಮೆಟ್ಟಿಲು ಹತ್ತಿ ಬಂದಳು. ಅವಳನ್ನು ಕಂಡು ಜನ ಚಪ್ಪಾಳೆ ಹೊಡೆದರು. ಮೈಕು ಹಿಡಿದಿದ್ದವನು, ಪಾಪ, ಅಭ್ಯಾಸಬಲದಿಂದ ಅವಳ ಕೈಗೆ ಕೊಟ್ಟುಬಿಟ್ಟ.

"ನನ್ನ ಗಂಡ ಜಯಕುಮಾರ್ ಕುಡೀತಿರಲಿಲ್ಲ," ಎಂದಳು. "ಟೀ ಕುಡೀತಿದ್ರು. ನಾನು ಎಲ್ಲಾ ಊರಾಗೂ ಸುಳ್ಳು ಹೇಳಿದೀನಿ."

ಯಾರೋ ಮೈಕು ಬಂದ್ ಮಾಡಿದರು. ಅವಳು ಅದನ್ನು ನನ್ನ ಹಾರ್ಮೋನಿಯಂ ಮೇಲೆ ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಆ ಗಂಟಲು ಎದ್ದಿತು. ಬಬ್ಬೂರಿನ ಹೊಲದ ಆ ತುದಿಗೆ ಮುಟ್ಟುವ ಗಂಟಲಿಗೆ ಶಾಮಿಯಾನ ಯಾವ ಲೆಕ್ಕ?

"ನಂಗೆ ಯಾವತ್ತೂ ಅವರು ಹೊಡೆದಿಲ್ಲ! ನಾನೇ ಒಂದ್ಸಲ ಸೌಟು ತಗಂಡು ಹೊಡೆದಿದ್ದೆ! ತಾಳಿ ಮಾರಿಲ್ಲ, ನೋಡ್ರಿ, ಇಲ್ಲೈತೆ! ನಮ್ಮತ್ತೆ ಮಾಟ ಮಾಡಿಸ್ತಾಳೆ ಅಂತ ಇವತ್ತು ಇಲ್ಲಿ ಹೇಳಬೇಕಿತ್ತು, ಅದೂ ಸುಳ್ಳು! ದೇವರು ನಂಗೆ ಮಾಡಿದ್ದು ಏನು ಗೊತ್ತಾ? ನಾನು ಅವನ್ನ ಬಾಯಿಗೆ ಬಂದಂಗೆ ಬೈದೆ, ಅವನು ಬೈಸ್ಕಂಡ. ಎದ್ದು ಹೋಗ್ಲಿಲ್ಲ. ಅಷ್ಟೇ ನನ್ನ ಸಾಕ್ಷಿ. ಅದು ಸಾಲ್ದು ಅನ್ನಿಸಿ ಒಬ್ಬ ಕುಡುಕ ಗಂಡನ್ನ ಸೇರಿಸ್ಕಂಡೆ!"

ಮೋಹನ್‌ಕುಮಾರ್ ನನ್ನ ಕಡೆ ಕೈ ಆಡಿಸುತ್ತಿದ್ದರು, ಹಾಡು, ಹಾಡು ಎಂದು. ಹಾಡಿನಲ್ಲಿ ಅವಳನ್ನು ಮುಚ್ಚಬೇಕಿತ್ತು. ನಾನು ಮೈಕು ಎತ್ತಿ ಕೆಳಗಿಟ್ಟೆ, ಹಾರ್ಮೋನಿಯಂ ಮುಚ್ಚಿದೆ, ಕೊಂಡಿ ಹಾಕಿದೆ. ಅಂದಿನಿಂದ ಅವರು ನನ್ನನ್ನು ಕರೆದಿಲ್ಲ. ನಷ್ಟವೇನಿಲ್ಲ.

ಜನರ ನಡುವಿನಿಂದ ಒಬ್ಬ ಎದ್ದ. "ಹಂಗಾದ್ರೆ ನಿನ್ನ ಮಾತು ಕೇಳಿ ನಾನು ಕುಡಿಯೋದು ಬಿಟ್ಟಿದ್ದು ಏನಾತು?"

"ಬಿಟ್ಟಿದ್ದು ನೀನಪ್ಪ, ನನ್ನ ಗಂಡ ಅಲ್ಲ! ಮತ್ತೆ ಕುಡೀತೀನಿ ಅಂದ್ರೆ ಕುಡಿ. ಅದಕ್ಕೆ ನನ್ನ ಸುಳ್ಳನ್ನ ನೆಪ ಮಾಡ್ಕಬ್ಯಾಡ!"

ಯಾರೋ ಕೂಗಿದರು, ಯಾರೋ ಚಪ್ಪಲಿ ಎತ್ತಿದರು, ಹಿಂದಿನ ಸಾಲಿನ ಕೆಲವು ಹೆಂಗಸರು ಸೌಟಿನ ಮಾತಿಗೆ ಇನ್ನೂ ನಗುತ್ತಿದ್ದರು. ಉಷಾರಾಣಿ ಮೆಟ್ಟಿಲಿಳಿದು ಆ ಜನರ ನಡುವಿನಿಂದಲೇ ನಡೆದುಕೊಂಡು ಹೋದಳು. ಅಂಚಿನಲ್ಲಿ ದಾರಿಯಿತ್ತು, ಅದನ್ನು ಹಿಡಿಯಲಿಲ್ಲ.

ಮುಂದಿನ ಭಾನುವಾರ ನಮ್ಮ ಚರ್ಚಿನ ಸಮಿತಿ ಕೂಡಿತು. ಇನ್ನು ಪೂಜೆಯಲ್ಲಿ ಉಷಾರಾಣಿ ಬೈಬಲ್ ವಾಚನ ಓದುವುದು ಬೇಡ ಎಂದರು. ಸರಿ ಎಂದಳು. ಆ ಸಿಸ್ಟರ್ ಹತ್ತಿರ ಹೋಗುವುದನ್ನೂ ನಿಲ್ಲಿಸು, ಅವರೇ ನಿನ್ನ ತಲೆ ಕೆಡಿಸಿದ್ದು ಎಂದರು. ಅದಕ್ಕೆ ಎದ್ದು ನಿಂತಳು.

"ಸಿಸ್ಟರ್ ನಂಗೆ ಇಂಥದ್ದು ಮಾಡು ಅಂತ ಒಂದು ಮಾತೂ ಹೇಳಿಲ್ಲ. ಹೇಳಿದ್ರೆ ಅವರ ತಲೆ ಮ್ಯಾಲೆ ಹಾಕಿ ನಾನೂ ಆರಾಮಾಗಿರ್ತಿದ್ದೆ. ನನ್ನ ಸುಳ್ಳು ನನ್ನ ಮನೇಲೇ ಒಲೆ ಹಾಕ್ಕಂಡು ಕುಂತಿತ್ತು. ನಂಗೆ ಕಾಣ್ಲಿಲ್ಲ. ಸಾವಿರ ಜನಕ್ಕೆ ಕಾಣ್ಲಿಲ್ಲ. ಇಲ್ಲಿ ಕುಂತಿರೋ ನಿಮಗೆ ಜಯಕುಮಾರ್ ಎಂಥವ್ರು ಅಂತ ಗೊತ್ತಿತ್ತು, ಒಬ್ಬ ಮೇಷ್ಟ್ರನ್ನ ಬಿಟ್ರೆ ಯಾರೂ ಉಸಿರೆತ್ತಲಿಲ್ಲ. ವಾಚನ ಬಿಡು ಅಂದ್ರಿ, ಬಿಟ್ಟೆ. ಇದು ಬಿಡಲ್ಲ. ಏನು ಮಾಡ್ಕಂತೀರೋ ಮಾಡ್ಕಳ್ರಿ."

ಯಾರೂ ಏನೂ ಮಾಡಲಿಲ್ಲ. ಏನು ಮಾಡಲಾಗುತ್ತದೆ, ಬಸ್ಸು ನಿಲ್ಲಿಸುತ್ತಾರೆಯೇ?

ಎರಡನೇ ಶನಿವಾರ ದುರ್ಗಕ್ಕೆ ಹೋದವಳಿಗೆ ಸಿಸ್ಟರ್ ಶಭಾಷ್ ಎನ್ನುತ್ತಾರೆಂದು ನಾನೂ ಅಂದುಕೊಂಡಿದ್ದೆ. ಅವರು ಕೇಳಿದ್ದು, "ವೇದಿಕೆ ಇಳಿಯುವಾಗ ಮನಸ್ಸು ಹೇಗಿತ್ತು?" ಎಂದು.

"ನಿಜ ಹೇಳ್ಲಾ? ಇನ್ನೂ ಒಂದೀಟು ಹೊತ್ತು ಮಾತಾಡಬೇಕು ಅನ್ನಿಸ್ತು ಸಿಸ್ಟರ್. ಸೌಟಿನ ಮಾತಿಗೆ ಜನ ನಕ್ಕಾಗ ಖುಷಿಯಾತು."

ಸಿಸ್ಟರ್ ಕೆಮ್ಮು ಬರುವವರೆಗೆ ನಕ್ಕರಂತೆ. ಆಮೇಲೆ ಇಬ್ಬರೂ ಆ ಖುಷಿಯ ಬಗ್ಗೆಯೇ ಬಹಳ ಹೊತ್ತು ಮಾತಾಡಿದರು.

ಮನೆಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಹೊಳಲ್ಕೆರೆಯ ವಿಡಿಯೋವನ್ನೂ ಗೊಲ್ಲಪ್ಪ ತೋರಿಸಿದ್ದ. ದುರುಗಕ್ಕ ನೋಡಿ, ಫೋನು ವಾಪಸ್ಸು ಕೊಟ್ಟು, ಹಿತ್ತಲಿಗೆ ಹೋಗಿ ತನ್ನ ಮೂರು ಕಲ್ಲಿನ ಒಲೆ ಹೊತ್ತಿಸಿದಳು. ಉಷಾರಾಣಿ ಕಾಲು ಹಿಡಿದಳು, ಅತ್ತಳು, ಕೊನೆಗೆ ಹಳೆಯ ಹಾಗೆ ಬೈದೂ ನೋಡಿದಳು. ಮುದುಕಿ ಅಲುಗಲಿಲ್ಲ.

ಹೀಗೇ ದಿನಗಳು ಹೋದವು. ಮತ್ತೊಂದು ಎರಡನೇ ಶನಿವಾರದ ಹಿಂದಿನ ಸಂಜೆ ಉಷಾರಾಣಿ ತಟ್ಟೆಗೆ ಹಾಕಿಕೊಂಡು ಕೂತಿದ್ದಾಗ ದುರುಗಕ್ಕ ಬಂದು ಎದುರಿಗೆ ಕುಕ್ಕರಿಸಿದಳು.

"ನಾಳೆ ಆ ಅಮ್ಮನ ಹತ್ರ ಹೋಗೋ ದಿನ ಅಲ್ವೇನೇ?"

"ಹೌದತ್ತೆ. ಮೈಕೈ ನೋವು. ಎಲ್ಲ ಮುಗೀತಲ್ಲ, ಈ ತಿಂಗಳು ಬಿಡಾಣ ಅಂತ."

"ಏನು ಮುಗೀತು? ನಿನ್ನ ಬಾಯಿ ಮುಗೀತಾ?" ಎಂದಳು ದುರುಗಕ್ಕ. ಸೊಸೆಯ ಮುಂದಿದ್ದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಒಂದು ತುತ್ತು ಮುರಿದಳು. "ನಿನ್ನ ನಂಬೋಕೆ ನಂಗೆ ಇನ್ನೂ ಆಗಲ್ಲ ಕಣೇ. ನೀನು ಅಲ್ಲಿಗೆ ಹೋಗ್ತಾ ಇರೋ ಗಂಟ ನಾನು ನಿನ್ನ ಒಲೆದು ಉಣ್ತೀನಿ. ಎದ್ದು ನಿಂಗೊಂದು ತಟ್ಟೆ ತಗ."